ಕಪ್ಪೆರಾಯ ಗೆದ್ದುಕೊಟ್ಟ ಮಳೆ

ಎಲ್ಲರಿಗೂ ನಮಸ್ಕಾರ. ಈ ಸಲದ ಸುದ್ದಿಪತ್ರ ಹತ್ತು ದಿನ ಲೇಟು, ಬೈಕೋಬೇಡಿ, ಸಂಪಾದಕಿ ಬ್ಯಾಂಕಾಕಲ್ಲಿ ಇರ್ಲಿಲ್ಲ, ಕೆಸರಲ್ಲಿದ್ಲು. ತಮಾಷೆಗೆ ಹೇಳ್ತಿಲ್ಲ, ನಿಜವಾಗ್ಲೂ ಕೆಸರು, ಮೊಣಕಾಲಿನ ತನಕ. ಯುಗಾದಿ ಫೋಟೋಗಳು, ಹೊಸ ಕಮಿಟಿ ವಿವರ, ಕನ್ನಡ ಕಲಿ ಕ್ಲಾಸಿನ ಟೈಮಿಂಗು ಎಲ್ಲಾ ಒಳಗಿನ ಪುಟಗಳಲ್ಲಿದೆ, ಇಲ್ಲಿ ಮಾತ್ರ ನಾನು ಆ ಕೆಸರಿನ ಕಥೆ ಹೇಳ್ಕೋತೀನಿ.

ನಮ್ಮ ಆಫೀಸಲ್ಲಿ ಒಬ್ಬರು ಇದ್ದಾರೆ, ವಯಸ್ಸಲ್ಲಿ ನನಗಿಂತ ದೊಡ್ಡೋರು, ನಾನು ‘ಪೀ’ ಅಂತಲೇ ಕರೆಯೋದು, ನಮ್ಮಲ್ಲಿ ಅಕ್ಕಾ ಅಂದಂಗೆ. ಅವರ ತವರು ಇಸಾನ್ ಕಡೆ, ಅಂದ್ರೆ ಈಶಾನ್ಯ ಥಾಯ್ಲೆಂಡು, ಊರು ಯಸೋಥಾನ್. ನಾಲ್ಕು ವರ್ಷದಿಂದ ಕರೀತಾನೇ ಇದ್ರು, ‘ಬುನ್ ಬಂಗ್ ಫೈ’ಗೆ, ಮಳೆಗೋಸ್ಕರ ರಾಕೆಟ್ ಹಾರಿಸೋ ಹಬ್ಬಕ್ಕೆ, ಬಾ ಬಾ ಅಂತ, ನಾನು ಮೇ ತಿಂಗಳ ಬಿಸಿಲಿಗೆ ಹೆದರಿ ಏನೋ ಒಂದು ನೆಪ ಹೇಳಿ ತಪ್ಪಿಸ್ಕೋತಿದ್ದೆ. ಈ ವರ್ಷ ಮಗಳು ಹಟ ಹಿಡಿದ್ಲು ಅಂತ ಶುಕ್ರವಾರ ರಾತ್ರಿ ಮೋಚಿತ್‌ನಲ್ಲಿ ಬಸ್ ಹತ್ತಿದ್ವಿ, ಅಲ್ಲಿಗೆ ರೈಲಿಲ್ಲ, 500 ಕಿಲೋಮೀಟರ್ ಮೇಲೆ ದೂರ, ಬಸ್ಸಲ್ಲಿ ಏಸಿ ಹೆಂಗಿತ್ತು ಅಂದ್ರೆ ಬೆಳಗ್ಗೆ ಇಳಿಯೋ ಹೊತ್ತಿಗೆ ಇಬ್ರೂ ಕುಲ್ಫಿ.

ಹೆಸರಿನ ವಿಷಯ ಮೊದಲು ಹೇಳ್ಬೇಕು, ಯಾಕಂದ್ರೆ ನಂಗೆ ಅದೇ ಮಜಾ ಅನ್ಸಿದ್ದು. ‘ಬುನ್’ ಅಂದ್ರೆ ನಮ್ಮ ಪುಣ್ಯನೇ, ಪಾಲಿಯಿಂದ ಬಂದಿದ್ದು. ‘ಬಂಗ್’ ಅಂದ್ರೆ ಬಿದಿರಿನ ಕೊಳವೆ, ‘ಫೈ’ ಅಂದ್ರೆ ಬೆಂಕಿ. ಯಸೋಥಾನ್ ಅನ್ನೋದೂ ಬೇರೇನಲ್ಲ, ನಮ್ಮ ಯಶೋಧರನೇ ಥಾಯ್ ನಾಲಿಗೆ ಮೇಲೆ ಹಂಗಾಗಿರೋದು. ಹಂಗಾಗಿ ಯಶೋಧರನ ಊರಲ್ಲಿ ಬೆಂಕಿಬಿದಿರಿನ ಪುಣ್ಯ ಅಂದ್ಕೊಳಿ. 1972ರಲ್ಲಿ ಉಬೋನ್‌ನಿಂದ ಬೇರೆ ಮಾಡಿ ಜಿಲ್ಲೆ ಮಾಡಿದ್ರಂತೆ, ಚೀ ನದಿ ದಂಡೆ, ಸುತ್ತ ಕಣ್ಣು ಹಾಯಿಸಿದಷ್ಟೂ ಚಪ್ಪಟೆ ಗದ್ದೆ. ನಾವೆಲ್ಲ ಬಿಗ್ ಸೀ ಸೂಪರ್‌ಮಾರ್ಕೆಟ್ಟಲ್ಲಿ ಚೀಲಗಟ್ಟಲೆ ತರ್ತೀವಲ್ಲ ಜಾಸ್ಮಿನ್ ಅಕ್ಕಿ, ಅದು ಬೆಳೆಯೋ ಸೀಮೆ. ಆದ್ರೆ ಬಹಳಷ್ಟು ಕಡೆ ಕಾಲುವೆ ಇಲ್ಲ, ಆಕಾಶ ನೋಡ್ಕೊಂಡೇ ಬಿತ್ತಬೇಕು. ಅಲ್ಲೇ ಪಕ್ಕಕ್ಕೆ ಹಬ್ಬಿರೋ ಬಯಲಿಗೆ ‘ತುಂಗ್ ಕುಲಾ ರೋಂಗ್ ಹಾಯ್’ ಅಂತ ಹೆಸರು, ಕುಲಾ ಜನ ಅತ್ತ ಬಯಲು ಅಂತ ಅರ್ಥ, ಹಿಂದೆ ಅದನ್ನ ದಾಟೋಕೆ ಹೋದ ವ್ಯಾಪಾರಿಗಳು ನೀರು ನೆರಳು ಇಲ್ಲದೆ ಕೂತು ಅತ್ರು ಅಂತ ಕಥೆ. ನಾನು ರೋಣ ತಾಲೂಕಿನೋಳು, ನಂಗೆ ಇದೆಲ್ಲ ಬಿಡಿಸಿ ಹೇಳೋದೇ ಬೇಕಾಗಿರ್ಲಿಲ್ಲ.

ಶನಿವಾರ ಮೆರವಣಿಗೆ. ರಥದ ಥರ ಅಲಂಕಾರ ಮಾಡಿದ ರಾಕೆಟ್ಟುಗಳು, ಮುಂದೆ ನಾಗನ ಹೆಡೆ, ಮೈತುಂಬ ಬಂಗಾರ ಬಣ್ಣದ ಕಾಗದ ಕತ್ತರಿಸಿ ಅಂಟಿಸಿರೋ ಬಳ್ಳಿ ಹೂವು, ಇವು ಹಾರೋ ರಾಕೆಟ್ಟಲ್ಲ, ಬರೀ ಶೃಂಗಾರಕ್ಕೆ. ಹಿಂದೆ ಸಾಲು ಸಾಲು ಹೆಣ್ಮಕ್ಕಳ ಕುಣಿತ, ಒಂದೇ ಅಳತೆಗೆ ಕೈ ತಿರುಗ್ಸೋದು ನೋಡೋಕೆ ಚೆಂದ, ಆಮೇಲೆ ಗಂಡಸರು ಸೀರೆ ಅಲ್ಲದಿದ್ರೂ ಅಲ್ಲಿಯ ಹೆಣ್ಣುಡುಪು ಉಟ್ಟು ಲಿಪ್‌ಸ್ಟಿಕ್ ಹಾಕಿ, ಕೆಲವರು ಮರದಲ್ಲಿ ಕೆತ್ತಿದ ಒಂದು ಸಾಮಾನು ಹಿಡ್ಕೊಂಡು, ಏನು ಅಂತ ನಾನಿಲ್ಲಿ ಬರೆಯೋಲ್ಲ, ಸುದ್ದಿಪತ್ರ ಮಕ್ಕಳೂ ಓದ್ತಾರೆ. ನನ್ನ ಮಗಳು ‘ಅಮ್ಮಾ, ಅದು...’ ಅಂತ ಶುರು ಮಾಡಿದ್ಲು, ನಾನು ಐಸ್‌ಕ್ರೀಮ್ ಕೊಡಿಸಿದೆ. ಭೂಮಿಗೆ ಮಳೆ ಬೀಳೋದು ಅಂದ್ರೆ ಫಲ ಕಟ್ಟೋದು, ಹಂಗಾಗಿ ಅದು ಮುಚ್ಚಿಟ್ಟು ಮಾಡೋ ಹಬ್ಬ ಅಲ್ಲ ಅವರಿಗೆ. ಉತ್ತರ ಕರ್ನಾಟಕದ ಕಡೆಯೋರಿಗೆ ಹೋಳಿಲಿ ಕಾಮಣ್ಣನ ಮುಂದೆ ಏನೇನು ಹಾಡ್ತಾರೆ ಅನ್ನೋದು ನೆನಪಿದ್ರೆ ಸಾಕು, ಅದೇ ಜಾತಿಯ ಬಾಯಿ ಸಡಿಲ, ಅದೇ ನಗು.

ಅವತ್ತು ಸಂಜೆ ಪೀ ಅವರ ತಂದೆ ಹತ್ರ ಕೂತಿದ್ದೆ. ಎಲ್ಲರೂ ಅವರನ್ನ ‘ಫೋ’ ಅಂತಾರೆ, ಅಪ್ಪ ಅಂತ. ಎಪ್ಪತ್ತು ದಾಟಿದೆ, ಊರ ದೇವಸ್ಥಾನದ ಕಡೆಯ ರಾಕೆಟ್ ಗುಂಪಿಗೆ ಅವರೇ ಮೇಸ್ತ್ರಿ. ಹಿಂದೆ ಭಿಕ್ಷುಗಳೇ ಮಾಡ್ತಿದ್ರಂತೆ ರಾಕೆಟ್ಟು, ವಿದ್ಯೆ ದೇವಸ್ಥಾನದ ಒಳಗೇ ಇತ್ತು. ಈಗ ಬಿದಿರಿನ ಜಾಗಕ್ಕೆ ನೀಲಿ ಪಿವಿಸಿ ಪೈಪು ಬಂದಿದೆ, ನಮ್ಮ ಬಾತ್ರೂಮಿಗೆ ಹಾಕ್ತಾರಲ್ಲ ಅದೇ ಥರದ್ದು. ಪೆಟ್ಲುಪ್ಪು, ಇದ್ದಿಲು, ಎರಡನ್ನೂ ಪುಡಿ ಮಾಡಿ ಸ್ವಲ್ಪ ತೇವ ಮಾಡಿ ಪೈಪಿಗೆ ತುಂಬೋದು, ಜ್ಯಾಕ್ ಹಾಕಿ ಒತ್ತೋದು, ಮತ್ತೆ ತುಂಬೋದು, ಮತ್ತೆ ಒತ್ತೋದು. ಆಮೇಲೆ ಉದ್ದನೆ ಬೈರಿಗೆಲಿ ನಡುವೆ ತೂತು ಕೊರೀತಾರೆ, ನಿಧಾನಕ್ಕೆ, ಯಾರೂ ಮಾತಾಡೋ ಹಂಗಿಲ್ಲ, ಬೀಡಿ ಸಿಗರೇಟು ಇದ್ದೋನು ಅಂಗಳದಿಂದಾಚೆ. ಆ ತೂತಿನ ಅಗಲದ ಮೇಲೇ ಎಲ್ಲ ನಿಂತಿರೋದು, ಒಳಗೆ ಎಷ್ಟು ಜಾಗ ಒಟ್ಟಿಗೆ ಉರಿಯುತ್ತೆ ಅನ್ನೋದು ಅದರಿಂದ. ಮದ್ದಲ್ಲಿ ಎಲ್ಲೋ ಒಂದು ಬಿರುಕು ಬಿಟ್ಟಿದ್ರೆ ಬೆಂಕಿ ಅದರೊಳಗೆ ನುಗ್ಗಿ ಇಡೀ ಪೈಪೇ ಢಮಾರ್. ಫೋ ಪೈಪಿಗೆ ಬೆರಳ ಗೆಣ್ಣಿಂದ ತಟ್ಟಿ ತಟ್ಟಿ ಕಿವಿ ಕೊಟ್ಟು ಕೇಳ್ತಿದ್ರು, ನಮ್ಮೂರಲ್ಲಿ ಕುಂಬಾರ ಗಡಿಗೆ ತಟ್ಟಿ ನೋಡ್ತಾನಲ್ಲ ಹಂಗೆ. ಒಂದು ಕಡೆ ಎರಡು ಸಲ ತಟ್ಟಿದ್ರು, ಮುಖ ಸ್ವಲ್ಪ ಗಂಟಾಯ್ತು, ಏನೂ ಹೇಳ್ಲಿಲ್ಲ.

ಅಳತೆನೂ ಮದ್ದಿನ ತೂಕದ ಮೇಲೆ. ‘ಮೂನ್’ ಅಂದ್ರೆ ಹತ್ತು ಸಾವಿರ, ಅದು 12 ಕಿಲೋ ಮದ್ದು. ‘ಸ್ಯಾನ್’ ಅಂದ್ರೆ ಲಕ್ಷ, 120 ಕಿಲೋ. ಹಳೇ ತೂಕದ ಲೆಕ್ಕ ಹಂಗೇ ಹೆಸರಾಗಿ ಉಳ್ಕೊಂಡಿದೆ. ಇದರ ಬಾಲಕ್ಕೆ ಇನ್ನೂ ಬಿದಿರೇ, ಉದ್ದದ ಗಳ, ನೆಟ್ಟಗೆ ಹಾರೋಕೆ ಅದೇ ಆಧಾರ.

ಇಲ್ಲಿ ಒಂದು ಮಾತು ಹೇಳದೇ ಇರೋಕಾಗಲ್ಲ, ನಮ್ಮೋರು ಯಾರಾದ್ರೂ ಇದನ್ನ ನೋಡಿದ್ರೆ ಮೊದಲು ಬಾಯಿಗೆ ಬರೋದು ಟಿಪ್ಪುನೇ. ಮೈಸೂರಿನ ರಾಕೆಟ್ಟೂ ಕರಿಮದ್ದು, ಬಿದಿರಿನ ಬಾಲ, ವ್ಯತ್ಯಾಸ ಏನಂದ್ರೆ ಕೊಳವೆ ಕಬ್ಬಿಣದ್ದು, ಅದಕ್ಕೇ ಒತ್ತಡ ತಡ್ಕೊಂಡು ಅಷ್ಟು ದೂರ ಹೋಗ್ತಿತ್ತು, 1780ರಲ್ಲಿ ಪೊಲ್ಲಿಲೂರಲ್ಲಿ ಇಂಗ್ಲಿಷರು ಅದರ ರುಚಿ ನೋಡಿದ್ರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನ ಹತ್ರ ಒಂದು ಹಾಳುಬಾವಿ ಅಗೆದಾಗ ಸಾವಿರದಷ್ಟು ಸಿಕ್ಕವಲ್ಲ, ಪೇಪರಲ್ಲಿ ಓದಿರ್ತೀರಿ. ಫೋಗೆ ಮೊಬೈಲಲ್ಲಿ ಆ ಫೋಟೋ ತೋರಿಸಿದೆ, ತುಕ್ಕು ಹಿಡಿದ ಕೊಳವೆಗಳ ರಾಶಿ. ಝೂಮ್ ಮಾಡಿ ಮಾಡಿ ನೋಡಿದ್ರು, ಆಮೇಲೆ ಪೀ ಕೈಲಿ ಕೇಳಿಸಿದ್ರು: ‘ಇವರ ರಾಜ ಇದನ್ನ ಮನುಷ್ಯರ ಮೇಲೆ ಯಾಕೆ ಬಿಟ್ಟ, ಮಳೆ ಚೆನ್ನಾಗಿ ಬರ್ತಿತ್ತಾ ಅಲ್ಲಿ?’ ನಂಗೆ ಉತ್ತರ ಹೊಳೀಲಿಲ್ಲ. ಕನ್ನಡದಲ್ಲಿ ಬಾಣಬಿರುಸು ಅಂತೀವಲ್ಲ, ಆ ಬಾಣ ಅಂದ್ರೆ ರಾಕೆಟ್ಟೇ, ನಮಗೂ ಅದು ಹಬ್ಬದ ಸಾಮಾನಾಗಿತ್ತು ಅಂತ ಆಮೇಲೆ ಬಸ್ಸಲ್ಲಿ ಹೊಳೀತು, ಯಾವಾಗ್ಲೂ ಹಿಂಗೇ.

ಈಗ ಕಥೆ. ಆಕಾಶದಲ್ಲಿ ಫಯಾ ಥ್ಯಾನ್ ಅಂತ ಮಳೆ ದೇವರು. ಭೂಮಿಲಿ ನೆಲಗಪ್ಪೆ ರೂಪದ ರಾಜ, ಫಯಾ ಖನ್‌ಖಾಕ್, ಬೋಧಿಸತ್ವನೇ ಆ ಜನ್ಮ ಎತ್ತಿದ್ದು ಅಂತಾರೆ. ಜನ ಎಲ್ಲ ಕಪ್ಪೆರಾಯನ್ನೇ ಹೊಗಳೋಕೆ ಶುರು ಮಾಡಿದ್ರು ಅಂತ ಫಯಾ ಥ್ಯಾನ್‌ಗೆ ಹೊಟ್ಟೆಕಿಚ್ಚು, ಏಳು ವರ್ಷ ಏಳು ತಿಂಗಳು ಏಳು ದಿನ ಮಳೆ ನಿಲ್ಲಿಸ್ಬಿಟ್ಟ. ನಮ್ಮ ಪುರಾಣ ಆಗಿದ್ರೆ ಇಲ್ಲಿ ಯಾರೋ ಒಂಟಿ ಕಾಲಲ್ಲಿ ನಿಂತು ತಪಸ್ಸಿಗೆ ಶುರು ಮಾಡ್ತಿದ್ರು. ಇವರು ಸೈನ್ಯ ಕಟ್ಟಿದ್ರು. ಗೆದ್ದಲು ಹುತ್ತ ಕಟ್ಟಿ ಕಟ್ಟಿ ಆಕಾಶಕ್ಕೆ ದಾರಿ ಮಾಡ್ತು, ಮರ ಕೊರೆಯೋ ಹುಳ ರಾತ್ರೋರಾತ್ರಿ ಹೋಗಿ ಮೇಲಿನೋರ ಆಯುಧಗಳ ಹಿಡಿಕೆ ಎಲ್ಲ ತಿಂದು ಹಾಕ್ತು, ಚೇಳು ಜರಿಹುಳ ಹೋಗಿ ಅವರ ಬಟ್ಟೆಲಿ ಸೌದೆಲಿ ಅಡಗಿ ಕೂತವು. ಬೆಳಗ್ಗೆ ಎದ್ದು ಬಟ್ಟೆ ಹಾಕೊಂಡ ದೇವಸೈನಿಕರ ಗತಿ ಯೋಚ್ನೆ ಮಾಡಿ. ಫಯಾ ಥ್ಯಾನ್ ಸೋತ, ಒಪ್ಪಂದ ಆಯ್ತು: ನೀವು ರಾಕೆಟ್ ಬಿಟ್ರೆ ನಾನು ಮಳೆ ಬಿಡ್ತೀನಿ, ಕಪ್ಪೆ ವಟಗುಟ್ಟಿದ್ರೆ ಮಳೆ ತಲುಪ್ತು ಅಂತ ನಂಗೆ ರಸೀದಿ, ಸಾಕು ಅನ್ಸಿದಾಗ ಗಾಳಿಪಟ ಹಾರಿಸಿ ಶಬ್ದ ಮಾಡಿ, ನಿಲ್ಲಿಸ್ತೀನಿ. ಸುಗ್ಗಿ ಕಾಲಕ್ಕೆ ಅಲ್ಲಿ ಗುಂಯ್ ಅಂತ ಸದ್ದು ಮಾಡೋ ಪಟ ಹಾರಿಸ್ತಾರಲ್ಲ, ಅದು ಇದಕ್ಕೇ.

ಈ ಕಥೆ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ನಾವು ಮಳೆಗೆ ಬೇಡ್ಕೋತೀವಿ. ನಾನು ಚಿಕ್ಕೋಳಿದ್ದಾಗ ನಮ್ಮೂರಲ್ಲಿ ಗುರ್ಜಿ ಆಡ್ತಿದ್ವಿ, ರೊಟ್ಟಿ ಹಂಚು ಬೋರಲು ಹಾಕಿ ಅದರ ಮೇಲೆ ಸಗಣಿಲಿ ಗುರ್ಜಿ ಮಾಡಿ ಗರಿಕೆ ಚುಚ್ಚಿ ನಮ್ಮಣ್ಣನ ತಲೆ ಮೇಲೆ ಇಡೋದು, ಮನೆ ಮನೆಗೆ ಹೋದ್ರೆ ಹೆಂಗಸರು ಕೊಡ ತಂದು ಅವನ ತಲೆ ಮೇಲೆ ನೀರು ಸುರಿಯೋರು, ಅವನು ಗರಗರ ಸುತ್ತೋನು, ಸಗಣಿ ನೀರೆಲ್ಲ ನಮ್ಮ ಮೈಗೆ. ಕಪ್ಪೆ ಮದುವೆ, ಕತ್ತೆ ಮದುವೆ, ಪರ್ಜನ್ಯ ಜಪ, ಎಲ್ಲದರಲ್ಲೂ ಇರೋದು ತಪ್ಪಾಯ್ತಪ್ಪ ಕಣ್ಣು ಬಿಡು ಅನ್ನೋ ದನಿ. ಇವರದ್ದು ಹಂಗಲ್ಲ, ಎಗ್ರಿಮೆಂಟ್ ಇದೆ ಸ್ವಾಮಿ, ಮೇ ತಿಂಗಳು ಬಂತು, ಮರೆತಿಲ್ಲ ತಾನೇ, ಅನ್ನೋ ಥರ. ಬಾಡಿಗೆದಾರನಿಗೆ ಒಂದನೇ ತಾರೀಕು ಮೆಸೇಜ್ ಹಾಕಿದಂಗೆ. ಬರಿಸೋದೂ ನಿಲ್ಲಿಸೋದೂ ಎರಡೂ ಒಬ್ಬರದ್ದೇ ಕೆಲಸ ಅಂತ ಇರೋದು ನಮ್ಮಲ್ಲಿ ನಂಗೆ ಗೊತ್ತಿರೋ ಮಟ್ಟಿಗೆ ಶೃಂಗೇರಿ ಪಕ್ಕದ ಕಿಗ್ಗದ ಋಷ್ಯಶೃಂಗನ ಹತ್ರ, ಮಳೆ ಬೇಕಂದ್ರೂ ಅಲ್ಲಿಗೇ ಹರಕೆ, ಅತಿಯಾಯ್ತು ಅಂದ್ರೂ ಅಲ್ಲಿಗೇ.

ಹಂಗಂತ ಯಾರೂ ಪೆದ್ದರಲ್ಲ. ಫೋ ಮೊಬೈಲಲ್ಲೂ ಹವಾಮಾನದ ಆ್ಯಪ್ ಇದೆ. ನೈಋತ್ಯ ಮಾನ್ಸೂನ್ ಮೇ ನಡುವೆ ಥಾಯ್ಲೆಂಡಿಗೆ ಬರುತ್ತೆ, ಜೂನ್ ಮೊದಲ ವಾರ ನಮ್ಮ ಕರಾವಳಿಗೆ, ಎರಡೂ ಕಡೆ ಅದೇ ಗಾಳಿ, ಹಬ್ಬ ಇಟ್ಟಿರೋದೇ ಆ ಲೆಕ್ಕ ನೋಡಿ. ಇದೇ ಇಸಾನ್ ಬರ ನೋಡಿನೇ ರಾಜ ಭೂಮಿಬೋಲ್‌ಗೆ 1955ರಲ್ಲಿ ಮೋಡಬಿತ್ತನೆ ಯೋಚನೆ ಬಂದಿದ್ದು, 1969ರಲ್ಲಿ ಖಾವ್ ಯಾಯ್ ಕಾಡಿನ ಮೇಲೆ ಮೊದಲ ಪ್ರಯೋಗ ಆಯ್ತು. ನಮ್ಮ ಸರ್ಕಾರನೂ 2017ರಲ್ಲಿ ವರ್ಷಧಾರೆ ಅಂತ ವಿಮಾನ ಹಾರಿಸ್ತು. ವಿಮಾನ ಒಂದು ಕಡೆ, ಕಪ್ಪೆರಾಯ ಒಂದು ಕಡೆ, ಇಬ್ಬರನ್ನೂ ಇಟ್ಕೊಂಡಿದ್ದಾರೆ.

ಭಾನುವಾರ ಬೆಳಗ್ಗೆ ಫಯಾ ಥ್ಯಾನ್ ಪಾರ್ಕಿನ ಹತ್ರದ ಬಯಲಿಗೆ ಹೋದ್ವಿ. ಎತ್ತರಕ್ಕೆ ಏಣಿ ಥರ ಓರೆಯಾಗಿ ಕಟ್ಟಿದ ಅಟ್ಟಣೆಗಳು, ಹುಡುಗರು ಬರಿಗಾಲಲ್ಲಿ ಹತ್ತಿ ರಾಕೆಟ್ ಕಟ್ತಾರೆ, ನಂಗೆ ಕೆಳಗೆ ನಿಂತೇ ತಲೆ ಸುತ್ತು. ಬೆಂಕಿ ಕೊಟ್ರೆ ಮೊದಲು ಬಿಳಿ ಹೊಗೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಎದೆಗೂಡು ಅದುರೋ ಸದ್ದು, ಅದು ಕಿವಿಗಿಂತ ಮೊದಲು ಹೊಟ್ಟೆಗೆ ಕೇಳುತ್ತೆ. ಮೇಲೆ ಹೋಗಿ ಚುಕ್ಕಿಯಾಗಿ ಕಾಣೆ. ಎಷ್ಟು ಸೆಕೆಂಡ್ ಮೇಲಿತ್ತು ಅನ್ನೋದರ ಮೇಲೆ ಗೆಲುವು, ದುರ್ಬೀನು ಸ್ಟಾಪ್‌ವಾಚ್ ಹಿಡ್ಕೊಂಡು ತೀರ್ಪುಗಾರರು, ಸುತ್ತ ಬೆರಳಲ್ಲೇ ಬೆಟ್ಟಿಂಗು, ನೋಟು ಕೈಯಿಂದ ಕೈಗೆ. ಹಬ್ಬದ ಈ ಮುಖ ನಂಗೆ ಹಿಡಿಸ್ಲಿಲ್ಲ, ಸಾಲ ಮಾಡಿ ಕಟ್ಟೋರೂ ಇದ್ದಾರೆ ಅಂತ ಪೀ ಹೇಳಿದ್ರು. ಅಪಾಯನೂ ಸಣ್ಣದಲ್ಲ, 1999ರಲ್ಲಿ ದೊಡ್ಡ ರಾಕೆಟ್ ಒಂದು ಹಾರಿದ ಕೂಡಲೇ ಸಿಡಿದು ನೋಡೋಕೆ ಬಂದ ಜನ ಸತ್ತಿದ್ರು. ನಾವು ದೂರನೇ ನಿಂತಿದ್ವಿ, ನೀವೂ ಹೋದ್ರೆ ಹಂಗೇ ಮಾಡಿ, ಸೆಲ್ಫಿ ಆಸೆ ಬೇಡ.

ಫೋ ಅವರ ರಾಕೆಟ್ ಸರದಿ ಬಂತು. ಹೊಗೆ ಬಂತು. ಇನ್ನೂ ಹೊಗೆ ಬಂತು. ಬುಸ್ಸ್ ಅಂತ ಒಂದು ಉಸಿರು ಬಿಟ್ಟು ಅಟ್ಟಣೆ ಮೇಲೇ ಕೂತ್ಬಿಡ್ತು, ಹಾರ್ಲೇ ಇಲ್ಲ. ನಂಗೆ ಅಯ್ಯೋ ಅನ್ಸಿ ಮುಖ ಆ ಕಡೆ ತಿರುಗಿಸ್ಕೊಂಡೆ, ನಮ್ಮಲ್ಲಿ ಆಗಿದ್ರೆ ಅಪಶಕುನ ಅಂತ ಅರ್ಧ ಊರು ತಲೆ ಮೇಲೆ ಕೈ ಹೊತ್ಕೊಳ್ಳೋದು. ಅಷ್ಟರಲ್ಲಿ ಹೋ ಅಂತ ಕೇಕೆ, ಎದುರು ಗುಂಪಿನ ಹುಡುಗರು ಓಡಿ ಬಂದು ನಮ್ಮ ಗುಂಪಿನ ಒಬ್ಬೊಬ್ಬರನ್ನೂ ಎತ್ತಿ ಪಕ್ಕದ ಕೆಸರು ಹೊಂಡಕ್ಕೆ ಎಸೆದ್ರು, ಅದೇ ನಿಯಮ, ಹಾರದಿದ್ರೆ ಕೆಸರು. ಫೋಗೆ ವಯಸ್ಸಾಗಿದೆ ಅಂತ ಮರ್ಯಾದೆಯಿಂದ ಎರಡೂ ಕಡೆ ಕೈ ಹಿಡಿದು ನಡೆಸ್ಕೊಂಡು ಹೋಗಿ ಮೆಲ್ಲಗೆ ಕೂರಿಸಿದ್ರು. ಕೂತು ಕೆಸರು ಮುಖಕ್ಕೆ ಬಳ್ಕೊಂಡು ಜೋರಾಗಿ ನಗ್ತಿದ್ರು, ಆಮೇಲೆ ನನ್ನ ಕಡೆ ಕೈ ಮಾಡಿ ಏನೋ ಅಂದ್ರು. ‘ಭಾರತದಿಂದ ಬಂದೋಳೂ ನಮ್ಮ ಗುಂಪೇ ಅಲ್ವಾ’ ಅಂದಿದ್ದಂತೆ. ಆಮೇಲೆ ನಡೆದಿದ್ದಕ್ಕೆ ವಿಡಿಯೋ ಇದೆ, ಮಗಳ ಹತ್ರ, ದಯವಿಟ್ಟು ಯಾರೂ ಗ್ರೂಪಿಗೆ ಹಾಕು ಅಂತ ಕೇಳ್ಬೇಡಿ.

ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. 2023ರ ಬರ ಅವಳಿಗೆ ಇನ್ನೂ ಮರೆತಿಲ್ಲ, 236 ತಾಲೂಕಲ್ಲಿ 223 ಬರಪೀಡಿತ ಅಂದಿದ್ರಲ್ಲ ಆ ವರ್ಷ. ಪೂರ್ತಿ ಕೇಳಿ, ‘ಛೊಲೋ ಆತ ತಗೊ, ನಾವೂ ಒಂದ್ ಕಾಗದಾ ಬರಸ್ಕೋಬೇಕಿತ್ತ ಮಳಿರಾಯನ ಕಡಿಂದ’ ಅಂದ್ಲು.

ಮುಂದಿನ ಮೇಗೆ ಸಂಘದಿಂದ ಒಂದು ವ್ಯಾನ್ ಮಾಡ್ಕೊಂಡು ಹೋಗೋಣ ಅಂತ ಇದೆ, ಬರೋರು ನಂಗೆ ಹೆಸರು ಕೊಡಿ. ಸಸ್ಯಾಹಾರಿಗಳಿಗೆ: ಪಪ್ಪಾಯಿ ಸಲಾಡಿಗೆ ‘ಮಾಯ್ ಸಾಯ್ ಪ್ಲಾ ರಾ’ ಅನ್ನಿ, ಕೊಳೆತ ಮೀನಿನ ರಸ ಹಾಕಲ್ಲ, ಆದ್ರೂ ಫಿಶ್ ಸಾಸ್ ಬರುತ್ತೆ, ಅದಕ್ಕೆ ‘ಜೇ’, ಅಂದ್ರೆ ಶುದ್ಧ ಸಸ್ಯಾಹಾರ, ಅನ್ಬೇಕು, ಆಗ ಅನ್ನ, ಸೌತೆಕಾಯಿ, ಕನಿಕರದ ಒಂದು ನೋಟ ಸಿಗುತ್ತೆ, ಹಂಗಾಗಿ ಚಟ್ನಿಪುಡಿ ಡಬ್ಬಿ ತರೋದು ನನ್ನ ಜವಾಬ್ದಾರಿ. ಬಿಳಿ ಬಟ್ಟೆ ಮಾತ್ರ ಬೇಡ. ನನ್ನ ಕುರ್ತಾ ಮೂರು ಸಲ ಒಗೆದೆ, ಇನ್ನೂ ಯಸೋಥಾನ್ ಬಣ್ಣಾನೇ ಇದೆ.