ಯುಗಾದಿ ಊಟ ಮತ್ತು ಹಳೇ ಡಿಶ್‌ವಾಷರ್

ಪುಟ್ಟಿ,

"ಆ ಡಬ್ಬ ಕೊನೆಗೂ ಓಡಿತಾ ಅಮ್ಮಾ?" ಎಂದು ಕೇಳಿ ನಕ್ಕೆಯಲ್ಲ, ಓಡಿತು ಕಣೇ. ಅದೂ ಹೊಟ್ಟೆ ತುಂಬಾ ಪಾತ್ರೆ ತುಂಬಿಕೊಂಡು. ಫೋನಿನಲ್ಲಿ ವಿವರ ಹೇಳಲು ಹೊರಟರೆ ನೀನು "ಆಯ್ತು ಬಿಡಮ್ಮಾ" ಎಂದು ಮುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಓದು.

ಆ ಡಿಶ್‌ವಾಷರ್ ನಮಗೆ ಯಾವತ್ತೂ ಡಿಶ್‌ವಾಷರ್ ಆಗಿರಲೇ ಇಲ್ಲ. ಕೈಯಲ್ಲಿ ತೊಳೆದ ಪಾತ್ರೆ ಒಣಗಲು ಇಡುವ ಕಪಾಟು ಅಷ್ಟೇ. ಕೆಳಗೆ ಕುಕ್ಕರ್, ಮೇಲೆ ಡಬ್ಬಿಗಳ ಮುಚ್ಚಳ. ಅಮೆರಿಕದಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಇದೇ ಕಥೆ ಅಲ್ವಾ? ಒಹಾಯೋದ ಡೇಟನ್‌ನಲ್ಲಿ ಈ ಮನೆ ಕೊಂಡಾಗ ಜೊತೆಗೇ ಬಂದದ್ದು ಅದು, 1970ರ ದಶಕದ ಕಿಚನ್‌ಏಡ್. ಆಗ ಆ ಹೆಸರು ಹೋಬಾರ್ಟ್ ಕಂಪನಿಯದು. ವರ್ಲ್‌ಪೂಲ್ ಕೈಗೆ ಹೋದದ್ದು 1986ರಲ್ಲಿ. ಹೋಬಾರ್ಟ್‌ನ ಊರು ಟ್ರಾಯ್, ನಮ್ಮಿಂದ ಉತ್ತರಕ್ಕೆ ಅರ್ಧ ಗಂಟೆಯ ದಾರಿ. ಹೋಟೆಲ್ ಅಡುಗೆಮನೆಗಳಿಗೆ ಮೆಷಿನ್ ಮಾಡುತ್ತಿದ್ದವರು 1949ರಲ್ಲಿ ಮನೆಗೂ ಒಂದು ಮಾಡಿದರು. ಒಳಗೆಲ್ಲಾ ಪಿಂಗಾಣಿ ಲೇಪ ಹಚ್ಚಿದ ಉಕ್ಕು. ಬಾಗಿಲು ಎಳೆದರೆ ತೋಳಿಗೆ ಅದರ ತೂಕ ಗೊತ್ತಾಗುತ್ತದೆ.

ರಿಟೈರ್ ಆದ ಮೇಲೆ ನನ್ನ ಕೈ ಸುಮ್ನೆ ಇರುವುದಿಲ್ಲ, ನಿನಗೆ ಗೊತ್ತು. ಕೆಳಗಿನ ತಗಡು ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಮೋಟಾರು, ಪಂಪು, ನೀರು ಬಿಡುವ ವಾಲ್ವು, ಕಾಯಿಸುವ ಕಾಯಿಲ್. ಎಲ್ಲಾ ಕಣ್ಣಿಗೆ ಕಾಣುವ ವಸ್ತುಗಳೇ. ಎಲೆಕ್ಟ್ರಾನಿಕ್ ಬೋರ್ಡು ಅಂತ ಒಂದೂ ಇಲ್ಲ. ಬಾಗಿಲಿನಲ್ಲಿರುವ ಟೈಮರ್ ನಿಧಾನಕ್ಕೆ ತಿರುಗುತ್ತಾ ಒಂದೊಂದಾಗಿ ಸ್ವಿಚ್ಚು ಒತ್ತುತ್ತದೆ, ಅದೇ ಅದರ ಬುದ್ಧಿ. ಇಷ್ಟು ವರ್ಷ ಒಣಗಿದ ಮೆಷಿನ್‌ನಲ್ಲಿ ಮೊದಲು ಕೈಕೊಡುವುದು ಪಂಪಿನ ಸೀಲ್. ಅದಕ್ಕೇ ಹಿಂದಿನ ರಾತ್ರಿಯೇ ತಳಕ್ಕೆ ನೀರು ಹಾಕಿ ನೆನೆಯಲು ಬಿಟ್ಟೆ, ಕೆಳಗೆ ಹಳೇ ಪೇಪರ್ ಹಾಸಿದೆ. ಬೆಳಿಗ್ಗೆ ಪೇಪರ್ ಒಣಗಿಯೇ ಇತ್ತು. ಖಾಲಿ ಓಡಿಸಿದೆ, ಆಗಲೂ ಒಂದು ಹನಿ ಇಲ್ಲ. ನಿಂಬೆ ಉಪ್ಪು ಹಾಕಿ ಇನ್ನೊಂದು ಸುತ್ತು ಓಡಿಸಿದ ಮೇಲೆ ಗೋಡೆಯ ಬಿಳಿ ಸುಣ್ಣವೂ ಬಿಟ್ಟಿತು.

ಆದರೆ ಖಾಲಿ ಓಡಿದ್ದಕ್ಕೆ ಏನು ಬೆಲೆ? ಸೋರುತ್ತದೋ ಇಲ್ಲವೋ ಎಂದಷ್ಟೇ ಗೊತ್ತಾಗುತ್ತದೆ. ತಟ್ಟೆಗಳ ಭಾರಕ್ಕೆ ರ‍್ಯಾಕ್ ಸಲೀಸಾಗಿ ಜಾರುತ್ತದಾ, ಇಷ್ಟೊಂದು ಪಾತ್ರೆಯ ಮಧ್ಯೆ ನೀರು ಮೇಲಿನವರೆಗೆ ಏರುತ್ತದಾ, ತುಪ್ಪದ ಜಿಡ್ಡಿಗೆ ಏನು ಮಾಡುತ್ತದೆ, ಇವು ಗೊತ್ತಾಗಬೇಕಾದರೆ ಊಟವೇ ಆಗಬೇಕು. ಅದಕ್ಕೇ ಯುಗಾದಿಗೆ ಜನ ಕರೆದಾಗ ಪೇಪರ್ ಪ್ಲೇಟ್ ಬೇಡವೇ ಬೇಡ ಎಂದೆ. ನಿಮ್ಮಪ್ಪ ಕಣ್ಣು ಬಿಟ್ಟರು.

ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಮಜ್ಜಿಗೆ ಹುಳಿ, ಹೋಳಿಗೆ, ಹೋಳಿಗೆ ಸಾರು. ಕೊಳೆಯ ಲೆಕ್ಕದಲ್ಲಿ ನೋಡಿದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅನ್ನದ ಗಂಜಿ, ಕಡಲೆಬೇಳೆ ಹೂರಣ, ಅರಿಶಿನ, ತುಪ್ಪ, ಮೇಲೆ ಬೆಲ್ಲದ ಅಂಟು.

ಊಟ ಆದ ಮೇಲೆ ಏನಾಗುತ್ತದೆ ಗೊತ್ತಲ್ಲ. ಗಂಡಸರು ಕಾಫಿ ಹಿಡಿದು ಹಾಲ್‌ನಲ್ಲಿ ಕೂರುತ್ತಾರೆ. ಹೆಂಗಸರು "ಇರಿ, ಒಂದು ಕೈ ಹಾಕ್ತೀವಿ" ಎಂದು ಸಿಂಕಿನ ಮುಂದೆ ಸಾಲಾಗಿ ನಿಲ್ಲುತ್ತಾರೆ. ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು! ಇದನ್ನು ನೋಡೀ ನೋಡೀ ನನಗೆ ಸಾಕಾಗಿತ್ತು. ಈ ಸಲ ಎಲ್ಲರನ್ನೂ ಹೊರಗೆ ಅಟ್ಟಿದೆ. ಎಂಜಲು ಬಳಿಯಲು ನಿಮ್ಮಪ್ಪ, ಜೋಡಿಸಲು ನಾನು.

ಜೋಡಿಸುವುದರಲ್ಲೇ ಇರುವುದು ಎಲ್ಲಾ. ಈ ರ‍್ಯಾಕ್‌ಗಳು ಚಪ್ಪಟೆ ಪಿಂಗಾಣಿ ತಟ್ಟೆಯ ಅಳತೆಗೆ ಮಾಡಿದವು. ನಮ್ಮ ಸ್ಟೀಲ್ ತಟ್ಟೆಗೆ ಎದ್ದ ಅಂಚು. ಪಕ್ಕಪಕ್ಕ ಇಟ್ಟರೆ ಒಂದರ ಮೈಗೊಂದು ಅಂಟಿ ನಿಲ್ಲುತ್ತವೆ, ನಡುವೆ ನೀರು ಹೋಗುವುದಿಲ್ಲ. ಒಂದು ಗೂಡು ಬಿಟ್ಟು ಒಂದರಲ್ಲಿ, ಮುಖ ಮಧ್ಯಕ್ಕೆ ತಿರುಗಿಸಿ ಇಟ್ಟೆ. ಸ್ಟೀಲ್ ಲೋಟ ಹಗುರ, ನೀರು ಜೋರಾಗಿ ಹೊಡೆದರೆ ಅಂಗಾತ ಬೀಳುತ್ತದೆ, ಆಮೇಲೆ ಕೊಳೆ ನೀರು ಹಿಡಿದುಕೊಂಡು ಕೂರುತ್ತದೆ. ಅವನ್ನು ಮೇಲಿನ ರ‍್ಯಾಕಿನ ಮೂಲೆಗೆ ಒತ್ತೊತ್ತಾಗಿ ಬೋರಲು ಹಾಕಿದೆ. ಹಿತ್ತಾಳೆ ದೀಪ, ಕಬ್ಬಿಣದ ಹಂಚು, ಮರದ ಸೌಟು ಒಳಗೆ ಬಿಡಲೇ ಇಲ್ಲ. ಅಲ್ಯೂಮಿನಿಯಂ ಕಪ್ಪಾಗುತ್ತದೆ, ಅದೂ ಹೊರಗೇ.

ತಟ್ಟೆಯ ಅಳತೆಗೆ ಗೂಡು ಮಾಡುವ ಈ ಐಡಿಯಾ ಜೋಸೆಫೀನ್ ಕಾಕ್ರನ್ ಎಂಬಾಕೆಯದು. ಇಲಿನಾಯ್‌ ರಾಜ್ಯದ ಶೆಲ್ಬಿವಿಲ್‌ನವಳು. 1883ರಲ್ಲಿ ಗಂಡ ಸಾಲ ಬಿಟ್ಟು ತೀರಿಕೊಂಡ. ಈಕೆ ಮನೆಯ ಹಿಂದಿನ ಶೆಡ್ಡಿನಲ್ಲಿ, ತಂತಿ ಗೂಡುಗಳಲ್ಲಿ ತಟ್ಟೆ ಇಟ್ಟು ಬ್ರಷ್ ಇಲ್ಲದೆ ನೀರಿನ ರಭಸದಿಂದಲೇ ತೊಳೆಯುವ ಮೆಷಿನ್ ಕಟ್ಟಿದಳು. 1886ರಲ್ಲಿ ಪೇಟೆಂಟ್ ಬಂತು, 1893ರ ಶಿಕಾಗೋ ಮೇಳದಲ್ಲಿ ಬಹುಮಾನವೂ ಬಂತು. ಕೊಂಡವರು ಮಾತ್ರ ಹೋಟೆಲಿನವರು. ಮನೆಗಳಲ್ಲಿ ಅಷ್ಟು ಬಿಸಿನೀರು ಎಲ್ಲಿತ್ತು? ಆಕೆಯ ಕಂಪನಿಯನ್ನು 1926ರಲ್ಲಿ ಕೊಂಡದ್ದು ಇದೇ ಹೋಬಾರ್ಟ್. ಅಂದರೆ ನಮ್ಮ ಕುಕ್ಕರ್ ಕಪಾಟು ಆಕೆಯ ವಂಶದ್ದೇ! ನನಗೆ ಆಕೆಯ ಮೇಲೆ ಭಾರೀ ಗೌರವ. ಸಿಂಕಿನ ಮುಂದೆ ನಿಂತು ಗೊಣಗುವುದನ್ನು ಎಲ್ಲರೂ ಮಾಡುತ್ತಾರೆ, ಸ್ಪ್ಯಾನರ್ ಕೈಗೆತ್ತಿಕೊಳ್ಳುವವರು ಕಡಿಮೆ.

ಬಿಸಿನೀರಿನ ವಿಷಯ ಇವತ್ತಿಗೂ ಹಾಗೇ. ಶುರು ಮಾಡುವ ಮೊದಲು ಸಿಂಕಿನ ನಲ್ಲಿಯಲ್ಲಿ ಕೈ ಸುಡುವಷ್ಟು ನೀರು ಬರುವವರೆಗೆ ಬಿಟ್ಟೆ. ಇಲ್ಲದಿದ್ದರೆ ಪೈಪಿನಲ್ಲಿ ನಿಂತ ತಣ್ಣೀರೇ ಮೊದಲು ಒಳಗೆ ಹೋಗುತ್ತದೆ, ತುಪ್ಪ ಅದಕ್ಕೆ ಜಗ್ಗುವುದಿಲ್ಲ. ಪಾತ್ರೆ ತೊಳೆಯುವ ಪುಡಿಯನ್ನು ತೆರೆದ ಬಟ್ಟಲಿಗೆ ಸ್ವಲ್ಪ, ಮುಚ್ಚಳದ ಬಟ್ಟಲಿಗೆ ಜಾಸ್ತಿ ಹಾಕಿದೆ. ಮೊದಲ ಸುತ್ತಿಗೆ ಒಂದು, ಮುಖ್ಯ ಸುತ್ತಿಗೆ ಇನ್ನೊಂದು. ಮಧ್ಯೆ ಒಮ್ಮೆ ಬಾಗಿಲು ತೆಗೆದು ಸಕ್ಕರೆ ಪಾಕದ ಥರ್ಮಾಮೀಟರ್ ಅದ್ದಿ ನೋಡಿದೆ. 60 ಡಿಗ್ರಿಯ ಹತ್ತಿರ. ಒಳಗೆ ಹೋಳಿಗೆ ಸಾರಿನ ಘಮ!

ಸದ್ದು ಬಹಳ, ಒಪ್ಪುತ್ತೇನೆ. ಹಾಲ್‌ನಲ್ಲಿದ್ದವರು ಸ್ವಲ್ಪ ಕೂಗಿಯೇ ಮಾತಾಡಬೇಕಾಯಿತು. ನೀರೂ ಜಾಸ್ತಿ, ಒಂದು ಸಲಕ್ಕೆ 40 ಲೀಟರಿನ ಆಸುಪಾಸು. 2013ರಿಂದ ಹೊಸ ಮೆಷಿನ್‌ಗಳಿಗೆ ಇಲ್ಲಿ 5 ಗ್ಯಾಲನ್ ಮಿತಿ, ಅಂದರೆ ಸುಮಾರು 19 ಲೀಟರ್. ಹಾಗಾಗಿ ದಿನಾ ಇದನ್ನು ಓಡಿಸುವ ಆಸೆ ನನಗಿಲ್ಲ. ಹಬ್ಬಕ್ಕೆ, ನೆಂಟರಿಗೆ ಇರಲಿ.

ಈಗ ಫಲಿತಾಂಶ. ತಟ್ಟೆಗಳು ಬೆರಳು ಉಜ್ಜಿದರೆ ಕಿರ್ ಎನ್ನುವಷ್ಟು ಸ್ವಚ್ಛ. ಹೂರಣದ ಪಾತ್ರೆಯ ಅಂಚಿನಲ್ಲಿ ಒಣಗಿದ್ದ ಒಂದು ಗೆರೆ ಉಳಿದಿತ್ತು, ಅದು ಕೈಕೆಲಸವೇ. ತಳದ ಜಾಲರಿ ತೆಗೆದರೆ ಕರಿಬೇವಿನ ಎಲೆಗಳು ಒಂದರ ಮೇಲೊಂದು ಚಪ್ಪಟೆಯಾಗಿ ಅಂಟಿದ್ದವು. ಬೋರಲು ಹಾಕಿದ ಲೋಟಗಳ ಬುಡದ ಗುಳಿಯಲ್ಲಿ ನೀರಿನ ಜೊತೆ ಎರಡೋ ಮೂರೋ ಸಾಸಿವೆ ಕಾಳು! ಒಗ್ಗರಣೆ ಇಲ್ಲದ ದೇಶದವರು ಮಾಡಿದ ಮೆಷಿನ್, ಏನು ಮಾಡುವುದು. ಪ್ಲಾಸ್ಟಿಕ್ ಸೌಟು ಮಾತ್ರ ಅರಿಶಿನ ಬಣ್ಣ ಬಿಡಲಿಲ್ಲ. ಅದನ್ನು ಕಿಟಕಿಯಲ್ಲಿ ಬಿಸಿಲಿಗೆ ಇಟ್ಟಿದ್ದೇನೆ, ನಾಲ್ಕು ದಿನದಲ್ಲಿ ತಾನೇ ಮಾಸುತ್ತದೆ.

ಮೊದಲಿನ ಪುಡಿ ಇದ್ದಿದ್ದರೆ ಹೂರಣದ ಗೆರೆಯೂ ಹೋಗುತ್ತಿತ್ತೇನೋ. ಆ ಕಾಲದ ಪುಡಿಯಲ್ಲಿ ಫಾಸ್ಫೇಟ್ ಇರುತ್ತಿತ್ತು. 2010ರ ಜುಲೈನಿಂದ ಹಲವು ರಾಜ್ಯಗಳು ಅದನ್ನು ಹೆಚ್ಚುಕಡಿಮೆ ನಿಲ್ಲಿಸಿದವು, ಕೆರೆ ಸರೋವರಗಳಲ್ಲಿ ಪಾಚಿ ಬೆಳೆಸುತ್ತದೆ ಅಂತ. 2014ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ಟೊಲೆಡೊದವರಿಗೆ ನಲ್ಲಿ ನೀರು ಕುಡಿಯಬೇಡಿ ಎಂದದ್ದು ಈರೀ ಸರೋವರದ ಪಾಚಿಯ ವಿಷದಿಂದಲೇ ತಾನೇ? ಅದಕ್ಕೆ ದೊಡ್ಡ ಕಾರಣ ಹೊಲದ ಗೊಬ್ಬರ, ಪಾತ್ರೆಯ ಪುಡಿ ಅಲ್ಲ, ನಿಜ. ಆದರೂ ಒಂದು ಗೆರೆ ಹೂರಣವನ್ನು ನಾನೇ ಉಜ್ಜಿಕೊಳ್ಳುತ್ತೇನೆ ಬಿಡು.

ನಿನ್ನ ಅಪಾರ್ಟ್‌ಮೆಂಟಿನ ಹೊಸ ಮೆಷಿನ್ ಸರಿಯಾಗಿ ತೊಳೆಯುವುದಿಲ್ಲ ಎನ್ನುತ್ತಿದ್ದೆಯಲ್ಲ. ನೀನು ಮಾಡುವುದು ಏನು, ಸಿಂಕಿನಲ್ಲಿ ಸೋಪಿನ ನೀರು ಹಾಕಿ ಒಮ್ಮೆ ತೊಳೆದು ಆಮೇಲೆ ಒಳಗಿಡುವುದು. ಆ ಸೋಪೇ ಒಳಗೆ ನೊರೆ ಎಬ್ಬಿಸುತ್ತದೆ. ನೊರೆ ಎದ್ದರೆ ಪಂಪಿಗೆ ನೀರು ಸಿಗದೆ ರಭಸ ಇಳಿಯುತ್ತದೆ. ಈಗಿನ ಪುಡಿಯಲ್ಲಿ ಕಿಣ್ವಗಳಿರುತ್ತವೆ, ಗಂಜಿ, ಬೇಳೆಯನ್ನು ಅವೇ ಬಿಡಿಸುತ್ತವೆ. ಎಂಜಲು ಬಳಿದು ಹಾಕು, ತೊಳೆಯಬೇಡ. ನಲ್ಲಿಯಲ್ಲಿ ಬಿಸಿನೀರು ಬಂದ ಮೇಲೆ ಶುರು ಮಾಡು. ತಳದ ಜಾಲರಿಯನ್ನು ನೀನು ಒಮ್ಮೆಯೂ ತೆಗೆದಿಲ್ಲ ಎಂದು ನನ್ನ ಅನುಮಾನ. ತಿರುಗಿಸಿದರೆ ಕಳಚಿ ಬರುತ್ತದೆ. ತೆಗೆದು ಒಂದು ಫೋಟೋ ಕಳಿಸು, ನೋಡಿ ಮುಂದಿನದು ಹೇಳುತ್ತೇನೆ.

ನಿನ್ನ,
ಅಮ್ಮ