ಮಗಳಿಗೊಂದು ಪತ್ರ: ಎದುರಿಗೆ ಕೂತವನು ಯಾರು?

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ನಿನ್ನ ಕ್ಲಾಸಿನ ಹುಡುಗರು ಬೆಟ್‌ಫೇರ್ ಅನ್ನುವ ಆನ್‌ಲೈನ್ ಬೆಟ್ಟಿಂಗ್ ಕಂಪನಿಯಲ್ಲಿ ಖಾತೆ ತೆಗೆದಿದ್ದಾರೆ, ನೀನೂ ತೆಗೆಯಬೇಕು ಅಂತಿದ್ದೀಯ. "ಅಲ್ಲಿ ಬುಕ್ಕಿನೇ ಇಲ್ಲಮ್ಮ, ಜನ ಜನರ ಜೊತೆ ಆಡ್ತಾರೆ, ಮೋಸಕ್ಕೆ ಜಾಗವೇ ಇಲ್ಲ" ಅಂತ ಬೇರೆ ಬರೆದಿದ್ದೀಯ. ನಿಮ್ಮಪ್ಪ ಅದನ್ನು ನೋಡಿ, "ದುಡ್ಡನ್ನ ಕುದುರೆ ಬಾಲಕ್ಕೆ ಕಟ್ಟೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂದರು. ನಾನು ಹಾಗೆ ಅನ್ನಲ್ಲ. ನಿನ್ನ ಸ್ಕೂಲ್ ಫೀಸಿನಲ್ಲಿ ರೇಸ್ ಕೋರ್ಸಿನ ಕೂಲಿಯೂ ಸೇರಿತ್ತು ಕಣೇ. ಶನಿವಾರ ಭಾನುವಾರ ಟೋಟ್ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಿದ್ದವಳು ನಾನು. ಹಾಗಾಗಿ ಜೂಜು ಕೆಟ್ಟದ್ದು ಅಂತ ಪಾಠ ಮಾಡುವ ಹಕ್ಕು ನನಗಿಲ್ಲ. ಲೆಕ್ಕ ಹೇಳಬಲ್ಲೆ, ಅಷ್ಟೇ.

ಟೋಟ್ ಲೆಕ್ಕ ಸುಲಭ. ಎಲ್ಲರ ದುಡ್ಡೂ ಒಂದೇ ಪೂಲಿಗೆ ಬೀಳುತ್ತದೆ. ಮೊದಲು ಕ್ಲಬ್ಬಿನ ಪಾಲು, ಸರ್ಕಾರದ ಪಾಲು ಕಳೆಯುತ್ತಾರೆ. ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. 1867ರಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಒಲೆರ್ ಅನ್ನುವವನು ಶುರುಮಾಡಿದ ಪದ್ಧತಿ ಇದು. (ಇದೇ ಆಸಾಮಿ ಮುಂದೆ ಮುಲಾ ರೂಜ್ ಅನ್ನುವ ಹೆಸರಾಂತ ನೃತ್ಯಶಾಲೆ ಕಟ್ಟಿದವರಲ್ಲೂ ಒಬ್ಬ. ಜನರ ಜೇಬು ಎಲ್ಲಿ ಸಡಿಲ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು.) ಟೋಟ್‌ಗೆ ಯಾವ ಕುದುರೆ ಗೆದ್ದರೂ ಒಂದೇ. ಅದು ನಿನ್ನ ಎದುರಾಳಿಯೇ ಅಲ್ಲ. ಈಗ ಇಲ್ಲಿ ರೇಸಿನ ಮೇಲೆ ಶೇಕಡಾ 40 ಜಿಎಸ್‌ಟಿ, ಅದೂ ಹಾಕಿದ ಪೂರ್ತಿ ಹಣದ ಮೇಲೆ. ಹೀಗಿರುವಾಗ ಇಲ್ಲಿ ಆಡಿ ದುಡ್ಡು ಮಾಡ್ತೀನಿ ಅನ್ನುವವರಿಗೆ ಕೈಮುಗಿಯಬೇಕು.

ನನ್ನ ಕಿಟಕಿ ಕಿರಿದು. ಮುಖಕ್ಕಿಂತ ಕೈಗಳೇ ಕಾಣುತ್ತಿದ್ದವು. ಮೊದಲ ರೇಸಿಗೆ ನೀಟಾಗಿ ಮಡಚಿದ ನೂರರ ನೋಟು ಬರುತ್ತಿತ್ತು, "ಮೂರು ವಿನ್" ಅಂತ ಸಮಾಧಾನದ ದನಿ. ಮೂರು ಅಂದರೆ ಎಲ್ಲರೂ ಹೇಳುತ್ತಿದ್ದ ಫೇವರಿಟ್. ಸಂಜೆ ಕೊನೆ ರೇಸಿಗೆ ಅದೇ ಉಂಗುರದ ಕೈ, ಬೆವರಿಗೆ ಒದ್ದೆಯಾದ ಹತ್ತರ ನೋಟುಗಳು. ಈಗ ಕೇಳುವುದು ಯಾರೂ ಮುಟ್ಟದ ಹನ್ನೊಂದನೇ ನಂಬರು, ಇಲ್ಲವೇ ಟಾನಾಲಾ. ಮೊದಲ ಮೂರು ಕುದುರೆಗಳನ್ನು ಅದೇ ಕ್ರಮದಲ್ಲಿ ಹೇಳಬೇಕು, ಗೊತ್ತಲ್ಲ? ಹನ್ನೊಂದರ ಮೇಲೆ ಅವನಿಗೆ ನಂಬಿಕೆ ಬಂದಿತ್ತು ಅಂತಲ್ಲ. ಹೋದದ್ದೆಲ್ಲ ಒಂದೇ ಏಟಿಗೆ ವಾಪಸ್ ಬರಬೇಕಿತ್ತು, ಫೇವರಿಟ್‌ನಿಂದ ಅದು ಬರಲ್ಲ. ಬೆಲ್ ಹೊಡೆದು ಕಿಟಕಿ ಮುಚ್ಚುವಾಗಲೂ ಕೆಲವರು ನೋಟು ತುರುಕುತ್ತಿದ್ದರು.

ಆಮೇಲೆ ಗೊತ್ತಾಯಿತು, ಇದನ್ನು ಓದಿದವರೂ ಗಮನಿಸಿದ್ದಾರೆ. ಜನ ಬಡಪಾಯಿ ಕುದುರೆಗಳ ಮೇಲೆ ಅವುಗಳ ಯೋಗ್ಯತೆಗಿಂತ ಜಾಸ್ತಿ ಹಾಕುತ್ತಾರೆ, ಫೇವರಿಟ್ ಮೇಲೆ ಕಮ್ಮಿ ಹಾಕುತ್ತಾರೆ ಅಂತ 1949ರಲ್ಲೇ ಅಮೆರಿಕದ ಒಬ್ಬ ಮನಶ್ಶಾಸ್ತ್ರಜ್ಞ ಬರೆದಿದ್ದ. ಕೊನೆ ರೇಸಿನಲ್ಲಿ ಇದು ಇನ್ನೂ ಜಾಸ್ತಿ ಅಂತ ಮುಂದೆ ಬೇರೆಯವರು ಬರೆದರು. ಅಂದರೆ ರೇಸ್ ಕೋರ್ಸಿನಲ್ಲಿ ನಿನ್ನ ಎದುರಿಗಿದ್ದವರು ಇಂಥವರು. ಸುಸ್ತಾದವರು, ಸೋತವರು, ಯಾರೋ ಕಿವಿಯಲ್ಲಿ ಊದಿದ ಟಿಪ್ ನಂಬಿ ಬಂದವರು. ಅಂಥವರ ನಡುವೆ ಕುದುರೆ ಬಗ್ಗೆ ನಿಜವಾಗಿ ತಿಳಿದವನಿಗೆ ಒಂಚೂರು ಅನುಕೂಲ ಇತ್ತು. ಟೋಟ್ ಕಳೆಯುತ್ತಿದ್ದ ಪಾಲು ಅದನ್ನೂ ನುಂಗುತ್ತಿತ್ತು ಬಿಡು.

ಈಗ ನಿನ್ನ ಬೆಟ್‌ಫೇರ್ ಎಕ್ಸ್‌ಚೇಂಜಿಗೆ ಬರೋಣ. 2000ದಲ್ಲಿ ಆಂಡ್ರ್ಯೂ ಬ್ಲ್ಯಾಕ್, ಎಡ್ವರ್ಡ್ ರೇ ಇಬ್ಬರೂ ಶುರುಮಾಡಿದಾಗ ಅದು ನಿಜಕ್ಕೂ ಹೊಸ ವಿಚಾರ. ಶೇರು ಮಾರುಕಟ್ಟೆ ಥರ. ಗೆಲ್ಲುತ್ತದೆ ಅನ್ನುವವನು ಬ್ಯಾಕ್ ಮಾಡುತ್ತಾನೆ, ಗೆಲ್ಲಲ್ಲ ಅನ್ನುವವನು ಲೇ ಮಾಡುತ್ತಾನೆ, ಕಂಪನಿ ಗೆದ್ದವನಿಂದ ಕಮಿಷನ್ ತೆಗೆದುಕೊಳ್ಳುತ್ತದೆ. ಬುಕ್ಕಿಗಿಂತ ರೇಟು ಚೆನ್ನಾಗಿರುತ್ತದೆ, ಅದನ್ನು ಒಪ್ಪುತ್ತೇನೆ. ಮೋಸ ಇಲ್ಲ ಅನ್ನೋದನ್ನೂ ಒಪ್ಪೋಣ. ಆದರೆ ಬುಕ್ಕಿ ಇಲ್ಲ ಅಂದರೆ ಎದುರಿಗೆ ಯಾರೂ ಇಲ್ಲ ಅಂತಲ್ಲವಲ್ಲ. ಅಲ್ಲಿ ಸುಸ್ತಾದ ಉಂಗುರದ ಕೈಯವನು ಬೇಗ ಖಾಲಿಯಾಗಿ ಹೋಗಿಬಿಡುತ್ತಾನೆ. ಉಳಿಯುವವರು ದಿನವಿಡೀ ಇದನ್ನೇ ಮಾಡುವವರು, ಅವರ ಕಂಪ್ಯೂಟರುಗಳು. ರೇಟು ಒಂದು ಕೂದಲೆಳೆ ತಪ್ಪಿದರೂ ಕಣ್ಣು ಮಿಟುಕಿಸುವುದರೊಳಗೆ ಅವರು ಎತ್ತಿಕೊಂಡಿರುತ್ತಾರೆ. ನಿನ್ನ ಬೆಟ್ ತಕ್ಷಣ ಮ್ಯಾಚ್ ಆಯಿತು, ಎದುರು ಆಡುವವನು ಸಿಕ್ಕಿಬಿಟ್ಟ ಅಂದರೆ ಖುಷಿಪಡಬೇಡ. ಅವನಿಗೇಕೆ ಅಷ್ಟು ಅರ್ಜೆಂಟು ಅಂತ ಕೇಳಿಕೋ.

2008ರಲ್ಲಿ ಆ ಕಂಪನಿಯೇ, ಸತತವಾಗಿ ಗೆಲ್ಲುವ ಕೆಲವರ ಮೇಲೆ ಹೆಚ್ಚುವರಿ ಶುಲ್ಕ ಹಾಕಲು ಶುರುಮಾಡಿತು. ದುಡ್ಡು ಯಾರ ಕಡೆ ಸೇರುತ್ತಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಓಟ ನಡೆಯುತ್ತಿರುವಾಗಲೇ ಬೆಟ್ ಹಾಕಬಹುದು ಅಂತ ನಿನಗೆ ಉತ್ಸಾಹ. ನೀನು ನೋಡುವ ಟಿವಿ ಚಿತ್ರ ಕೆಲವು ಸೆಕೆಂಡ್ ಹಳೆಯದು. ಮೈದಾನದಲ್ಲೇ ನಿಂತು ಒತ್ತುವವನಿಗೆ ಆ ಸೆಕೆಂಡುಗಳೇ ಸಂಬಳ. 2014ರ ಆಸ್ಟ್ರೇಲಿಯನ್ ಓಪನ್ ಟೆನಿಸ್‌ನಲ್ಲಿ ಒಬ್ಬ ಬ್ರಿಟಿಷ್ ಯುವಕನನ್ನು ಪೊಲೀಸರು ಹಿಡಿದಿದ್ದರು. ಬಟ್ಟೆಯೊಳಗೆ ಬಚ್ಚಿಟ್ಟ ಸಾಧನದಿಂದ ಪಾಯಿಂಟು ಪಾಯಿಂಟಿಗೂ ಸುದ್ದಿ ಕಳಿಸುತ್ತಿದ್ದನಂತೆ. ಕೇಸೇನೋ ಬಿದ್ದುಹೋಯಿತು. ಆದರೆ ನೋಡು, ಅಷ್ಟು ಕಷ್ಟಪಟ್ಟು ಬಿಸಿಲಲ್ಲಿ ಕೂರುವಷ್ಟು ಬೆಲೆ ಆ ಎರಡು ಸೆಕೆಂಡಿಗಿದೆ. ನೀನು ಹಾಸ್ಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನ ಎದುರು ಆಡ್ತೀನಿ ಅಂತಿದ್ದೀಯ.

ಇನ್ನು ಆ 1.01 ವಿಚಾರ. ಗೆಲುವು ಖಚಿತ ಅನ್ನಿಸಿದಾಗ ಬರುವ ರೇಟು. ನೂರು ಪೌಂಡ್ ಇಟ್ಟರೆ ಒಂದು ಪೌಂಡ್ ಲಾಭ. "ಪುಕ್ಕಟೆ ದುಡ್ಡು" ಅಂತ ನಿನ್ನ ಗೆಳೆಯ ಹೇಳಿದ್ದನಲ್ಲ, ಅವನಿಗೆ ಈ ಲೆಕ್ಕ ತೋರಿಸು. ಕಮಿಷನ್ ಶೇ 5 ಅಂತ ಇಟ್ಟುಕೋ. ನೂರು ಸಲ ಆಡಿ 99 ಸಲ ಗೆದ್ದರೆ ಕೈಗೆ ಬರುವುದು 94 ಪೌಂಡ್ ಚಿಲ್ಲರೆ. ಒಂದು ಸಲ ಸೋತರೆ ಹೋಗುವುದು 100. ಆ ಒಂದು ಸಲ ಬರಲ್ಲ ಅಂತೀಯಾ? 1956ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಡೆವನ್ ಲಾಕ್ ಅನ್ನುವ ಕುದುರೆ, ರಾಣಿಯ ತಾಯಿಯದು, ಎಲ್ಲ ಬೇಲಿ ಹಾರಿ ಮುಗಿಸಿ ತುಂಬ ಮುಂದಿತ್ತು. ಗುರಿ ಕಣ್ಣೆದುರಿಗೇ ಇದೆ. ಇದ್ದಕ್ಕಿದ್ದಂತೆ ನಾಲ್ಕೂ ಕಾಲು ಚಾಚಿ ಹೊಟ್ಟೆಯ ಮೇಲೆ ಕುಸಿಯಿತು. ಯಾಕೆ ಅಂತ ಇವತ್ತಿಗೂ ಯಾರಿಗೂ ಪಕ್ಕಾ ಗೊತ್ತಿಲ್ಲ. ಮೇಲೆ ಕೂತಿದ್ದ ಡಿಕ್ ಫ್ರಾನ್ಸಿಸ್ ಮುಂದೆ ಪತ್ತೇದಾರಿ ಕಾದಂಬರಿ ಬರೆದು ಹೆಸರು ಮಾಡಿದ.

ಲೇ ಮಾಡುವುದು ಇನ್ನೂ ಅಪಾಯ. 10ರ ರೇಟು ಅಂದರೆ ಒಂದು ಪೌಂಡಿಗೆ ಅಸಲೂ ಸೇರಿ ಹತ್ತು ವಾಪಸ್. ಆ ರೇಟಿಗೆ ಹತ್ತು ಪೌಂಡ್ ಲೇ ಮಾಡಿದರೆ, ಕುದುರೆ ಸೋತಾಗ ನಿನಗೆ ಬರುವುದು ಹತ್ತು, ಕುದುರೆ ಗೆದ್ದರೆ ನೀನು ಕೊಡಬೇಕಾದದ್ದು 90. ಯಂತ್ರಗಳೂ ಇಲ್ಲಿ ಎಡವುತ್ತವೆ. 2011ರ ಡಿಸೆಂಬರಿನಲ್ಲಿ ಡಬ್ಲಿನ್ ಹತ್ತಿರದ ಲೆಪರ್ಡ್ಸ್‌ಟೌನ್‌ನಲ್ಲಿ ವೊಲೆರ್ ಲಾ ವೆದೆತ್ ಅನ್ನುವ ಹೆಣ್ಣು ಕುದುರೆ ಗೆಲ್ಲುತ್ತಿರುವಾಗಲೇ ಒಂದಕ್ಕೆ 28ರಂತೆ ಕೊಡ್ತೀನಿ ಅಂತ ಒಬ್ಬ ಗ್ರಾಹಕನ ಪ್ರೋಗ್ರಾಂ ಕೂತಿತ್ತು, ಅದೂ ಕೋಟಿಗಟ್ಟಲೆ ಪೌಂಡ್ ಲೆಕ್ಕದಲ್ಲಿ. ಕಂಪನಿ ಓಟದ ನಡುವಿನ ಬೆಟ್‌ಗಳನ್ನೆಲ್ಲ ರದ್ದು ಮಾಡಿತು. ಗೆದ್ದೆವು ಅಂತ ಕುಣಿದವರ ಗತಿ ಏನಾಗಿರಬೇಡ!

ಎರಡು ವಿಷಯದಲ್ಲಿ ಚರ್ಚೆ ಇಲ್ಲ. ರಜೆಗೆ ಮನೆಗೆ ಬಂದಾಗ ಆ ಆ್ಯಪ್ ತೆರೆಯಬಾರದು. 2025ರಲ್ಲಿ ಬಂದ ಹೊಸ ಕಾನೂನಿನಲ್ಲಿ ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದಾರೆ. ಇನ್ನೊಂದು, ಸಾಲದ ದುಡ್ಡು ಮುಟ್ಟಬಾರದು. ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸುವುದನ್ನು ಬ್ರಿಟನ್ 2020ರ ಏಪ್ರಿಲ್‌ನಲ್ಲೇ ನಿಲ್ಲಿಸಿತು. ಗೆಳತಿಯ ಹತ್ತಿರ ಕೈಗಡ ತೆಗೆದುಕೊಳ್ಳುವುದನ್ನು ಯಾವ ಸರ್ಕಾರವೂ ನಿಲ್ಲಿಸಲ್ಲ, ಅದನ್ನು ನೀನೇ ನಿಲ್ಲಿಸಬೇಕು. ನಿನ್ನ ಕ್ಲಾಸಿನಲ್ಲಿ ಯಾರಾದರೂ ಕೈಮೀರಿ ಹೋಗುತ್ತಿದ್ದರೆ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ಬರೆಸೋಕೆ ಹೇಳು. ಬ್ರಿಟನ್‌ನಲ್ಲಿ ಪರವಾನಗಿ ಇರುವ ಆನ್‌ಲೈನ್ ಜೂಜಿನ ಕಂಪನಿಗಳೆಲ್ಲ ಅವರಿಗೆ ಬಾಗಿಲು ಹಾಕುತ್ತವೆ.

ಸ್ಟ್ಯಾಟಿಸ್ಟಿಕ್ಸ್ ಓದುತ್ತಿರುವವಳು ನೀನು. ಅದಕ್ಕೇ ಒಂದು ಕೆಲಸ ಕೊಡ್ತೀನಿ. ಖಾತೆ ತೆಗೆಯುವ ಮೊದಲು ಒಂದು ನೋಟ್‌ಬುಕ್ ತೆಗೆದುಕೋ. ಆಗಸ್ಟ್‌ನಲ್ಲಿ ನಿಮ್ಮೂರಿನ ನೇವ್ಸ್‌ಮಯರ್ ರೇಸ್ ಕೋರ್ಸಿನಲ್ಲಿ ಎಬೋರ್ ರೇಸುಗಳಿವೆಯಲ್ಲ, ಅಲ್ಲಿವರೆಗೆ ಬರಿ. ಒಂದು ಕಾಲಂನಲ್ಲಿ, ಈ ಕುದುರೆ ಮೇಲೆ ಹಾಕ್ತೀನಿ ಅಂತ ನಿನಗೆ ಅನ್ನಿಸಿದ ಕ್ಷಣದ ರೇಟು. ಪಕ್ಕದಲ್ಲಿ, ಓಟ ಶುರುವಾಗುವಾಗಿನ ರೇಟು. ದುಡ್ಡು ಹಾಕಬೇಡ. ಕೊನೆಯ ರೇಟಿನಲ್ಲಿ ಆಡುವ ಎಲ್ಲರ ತಿಳಿವಳಿಕೆಯೂ ಸೇರಿರುತ್ತದೆ. ನೀನು ಹಿಡಿದ ರೇಟು ಕೊನೆಯ ರೇಟಿಗಿಂತ ಮತ್ತೆ ಮತ್ತೆ ಮೇಲಿದ್ದರೆ ನಿನಗೆ ಏನೋ ಗೊತ್ತಿದೆ ಅಂತ ನಾನೂ ಒಪ್ಪುತ್ತೇನೆ, ಆಗ ಮುಂದಿನ ಮಾತು ಆಡೋಣ. ಇಲ್ಲದಿದ್ದರೆ ಎಷ್ಟು ಕುದುರೆ ಗೆದ್ದರೂ ಅದು ಬರೀ ಅದೃಷ್ಟ. ಆ ಎರಡು ಕಾಲಂಗಳ ಫೋಟೋ ತಿಂಗಳಿಗೊಮ್ಮೆ ಕಳಿಸು. ಗೆದ್ದ ಕುದುರೆಗಳ ಪಟ್ಟಿ ನನಗೆ ಬೇಡ.

ಇಂತಿ ನಿನ್ನ
ಅಮ್ಮ