ಸರ್ಕಿಟ್ ಹೌಸಿನ ಅಡುಗೆಮನೆಯಿಂದ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ. ಗಣ್ಯರು ಇಳಿದುಕೊಳ್ಳುವ ಸರ್ಕಾರಿ ಅತಿಥಿಗೃಹಗಳ, ಅಂದರೆ ಸರ್ಕಿಟ್ ಹೌಸುಗಳ, ಅಡುಗೆಮನೆಯವರು ನಾವು.

ರಾಜ್ಯಪಾಲರು ಕುಲಾಧಿಪತಿಗಳಾಗಿ ಇಲ್ಲಿನ ಘಟಿಕೋತ್ಸವಕ್ಕೆ ಬರುತ್ತಾರೆಂದರೆ ಮೊದಲು ಟೂರ್ ಪ್ರೋಗ್ರಾಮು ಬರುತ್ತದೆ, ಅದರ ಬೆನ್ನಿಗೇ ಜಿಲ್ಲಾಡಳಿತದ ಆದೇಶ. ಬೆಂಗಾವಲು ವಾಹನ ಎಷ್ಟು, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು, ಯಾವ ಗೇಟಿಗೆ ಯಾವ ಪೊಲೀಸರು, ಎಲ್ಲಕ್ಕೂ ಸಾಲುಗಳಿವೆ. ಅಡುಗೆಮನೆಗೆ ಸಿಗುವುದು ಎರಡೇ ಪದ: ‘ಭೋಜನ, ವಿಶ್ರಾಂತಿ’. ಎಷ್ಟು ತಟ್ಟೆ ಎಂದು ಯಾರೂ ಬರೆಯುವುದಿಲ್ಲ.

ಇಪ್ಪತ್ತು ಜನ ಎಂದು ಬಾಯಿಮಾತಿನಲ್ಲಿ ಬಂದ ಲೆಕ್ಕ ಗನ್‌ಮ್ಯಾನ್, ಡ್ರೈವರು, ಎಸ್ಕಾರ್ಟಿನವರು, ಕಾಣಲು ಬಂದ ಮುಖಂಡರು ಸೇರಿ ಅರವತ್ತಾಗುತ್ತದೆ. ಹತ್ತು ಜನಕ್ಕೆ ಒಂದು ಕಿಲೋ ಸೋನಾ ಮಸೂರಿ. ಇನ್ನೂ ನಾಲ್ಕು ಕಿಲೋ ಹಾಕಿದರೆ ಅನ್ನ ಅರ್ಧ ತಾಸಿನಲ್ಲಿ ಆದೀತು. ರೊಟ್ಟಿ ಹಾಗಲ್ಲ. ಒಂದು ಕಿಲೋ ಜೋಳದ ಹಿಟ್ಟಿಗೆ ಹದಿಮೂರೋ ಹದಿನಾಲ್ಕೋ ರೊಟ್ಟಿ. ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಬೇಯಿಸಲು ಎರಡರಿಂದ ಮೂರು ನಿಮಿಷ. ಎರಡು ಹಂಚು ಉರಿಯುತ್ತಿದ್ದರೂ ನೂರು ರೊಟ್ಟಿಗೆ ಎರಡು ತಾಸು ಬೇಕು. ಅವಸರಕ್ಕೆ ಅಂಗಡಿಯ ಹಳೇ ಹಿಟ್ಟು ತಂದರೆ ಅದಕ್ಕೆ ಜಿಗಿ ಇರುವುದಿಲ್ಲ, ಕುದಿನೀರಿನಲ್ಲಿ ನಾದಿದರೂ ಅಂಚು ಬಿರಿಯುತ್ತದೆ. ಖಡಕ್ ರೊಟ್ಟಿಯಾದರೆ ಎರಡು ದಿನ ಮೊದಲೇ ಬಡಿದಿಡಬಹುದಿತ್ತು. ಆದರೆ ದೊಡ್ಡವರಿಗೆ ಮೆತ್ತನ ಬಿಸಿ ರೊಟ್ಟಿಯೇ ಆಗಬೇಕೆಂದು ನಡುವಿನವರು ಯಾರೋ ತೀರ್ಮಾನಿಸಿರುತ್ತಾರೆ. ದೊಡ್ಡವರು ಕೇಳಿರುವುದೇ ಇಲ್ಲ.

ಬೇಳೆಯ ತಾಪತ್ರಯ ಬೇರೆ. ನಮ್ಮ ಕಡೆಯ ಬೋರ್ ನೀರು ಗಡಸು. ಅದರ ಸುಣ್ಣದಂಶಕ್ಕೆ ತೊಗರಿಬೇಳೆ ಬೇಗ ಮೆತ್ತಗಾಗುವುದಿಲ್ಲ, ಫಿಲ್ಟರ್ ನೀರೇ ಬೇಕು. ಅದೇ ಸುಣ್ಣ ಗೀಸರಿನ ಕಾಯಿಲಿಗೆ ಪದರುಗಟ್ಟಿ, ಶಾಖ ನೀರಿಗೆ ಇಳಿಯದೆ ಕಾಯಿಲೇ ಸುಡುತ್ತದೆ. ಬೈಗುಳ ಮಾತ್ರ ಮೇಟಿಗೆ, ಅಂದರೆ ಅತಿಥಿಗೃಹದ ಸಹಾಯಕನಿಗೆ.

ಇನ್ನು ವೇಳೆ. ಒಂದು ಗಂಟೆಯ ಊಟ ಮೂರೂವರೆಗೆ ಜಾರುವುದು ಮಾಮೂಲು. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಉಳಿಯುತ್ತವೆ. ಅನ್ನ 60 ಡಿಗ್ರಿಗಿಂತ ತಣ್ಣಗಾಗಿ ಹಾಗೇ ಕೂತರೆ ಬೆಳೆದು ವಿಷ ಬಿಡುತ್ತವೆ, ಆಮೇಲೆ ಬಿಸಿ ಮಾಡಿದರೂ ವಿಷ ಹೋಗುವುದಿಲ್ಲ. ಆದ್ದರಿಂದ ಎರಡು ತಾಸು ದಾಟಿದ ಅನ್ನ ಚೆಲ್ಲಿ ಹೊಸದಾಗಿ ಇಡಬೇಕು, ಅಧಿಕಾರಿಗಳು ಮತ್ತೆ ರುಚಿ ನೋಡಿ ಒಪ್ಪಬೇಕು. ಎರಡನೇ ಸಲದ ಅಕ್ಕಿ, ಗ್ಯಾಸು ಯಾವ ಲೆಕ್ಕಕ್ಕೆ? ಕಿರಾಣಿ ಅಂಗಡಿಯ ಉದ್ರಿ ಖಾತೆ ಎಷ್ಟೋ ಕಡೆ ಖಾನಸಾಮಾನ, ಅಂದರೆ ಅತಿಥಿಗೃಹದ ಅಡುಗೆಯವನ, ಹೆಸರಿನಲ್ಲೇ ಇದೆ. ಗಣ್ಯರು ಹೋದ ಮೇಲೆ ಸಾಹುಕಾರ ಹುಡುಕಿಕೊಂಡು ಬರುವುದು ಅವನನ್ನೇ.

ರಾಷ್ಟ್ರಪತಿ, ಪ್ರಧಾನಿ ಬಂದರಂತೂ ‘ಬ್ಲೂ ಬುಕ್’ ಎಂಬ ಭದ್ರತಾ ಕೈಪಿಡಿಯ ಪ್ರಕಾರವೇ ಎಲ್ಲ. ಪೊಲೀಸ್ ಪರಿಶೀಲನೆ, ಫೋಟೊ ಇರುವ ಪಾಸು, ತಪಾಸಣೆ, ಫೋನು ಹೊರಗೆ. ಭದ್ರತೆಗೆ ನಮ್ಮ ತಕರಾರಿಲ್ಲ. ಆದರೆ ನಸುಕಿನಲ್ಲಿ ಒಳಹೋದ ರೊಟ್ಟಿ ಬಡಿಯುವ ಹೆಂಗಸರು ರಾತ್ರಿಯವರೆಗೆ ಹೊರಬರುವಂತಿಲ್ಲ, ಮನೆಗೆ ಒಂದು ಮಾತು ಹೇಳುವಂತಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಅದು ಒಂದೇ ದಿನ. ದೆಹಲಿಯ 340 ಕೋಣೆಗಳ ರಾಷ್ಟ್ರಪತಿ ಭವನದ ಸಿಬ್ಬಂದಿಗೆ ಆ ಆವರಣದಲ್ಲೇ ವಸತಿಗಳಿವೆ, ಮಕ್ಕಳಿಗೆ ಶಾಲೆಯಿದೆ. ಅಷ್ಟನ್ನು ನಾವು ಕೇಳುತ್ತಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಮುಖ್ಯಮಂತ್ರಿ, ಮಂತ್ರಿಗಳು, ಎಂಜಿನಿಯರುಗಳು ಆ ವಾರವೆಲ್ಲ ಬಂದು ಹೋದರು. ನೀರು ತಡೆಯಲು ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದವರಿಗೆ ಸನ್ಮಾನ ಸಲ್ಲಲೇಬೇಕಿತ್ತು. ಬಂದವರೆಲ್ಲ ಎಲ್ಲೋ ಉಂಡಿರಬೇಕಲ್ಲ?

ಈಗ ಪಗಾರದ ಮಾತು. ನಮ್ಮಲ್ಲಿ ಹೆಚ್ಚಿನವರು ಹೊರಗುತ್ತಿಗೆಯವರು. ದಿನಗೂಲಿಯವರ ಕಾಯಮಾತಿಯ ಬಾಗಿಲನ್ನು ಸುಪ್ರೀಂ ಕೋರ್ಟು 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಬಹುಪಾಲು ಮುಚ್ಚಿತು. ಅದೂ ಕರ್ನಾಟಕದ್ದೇ ಪ್ರಕರಣ. ಆ ವಾದ ಇಲ್ಲಿ ಬೇಡ. 2019ರ ವೇತನ ಸಂಹಿತೆಯಲ್ಲಿ ಇರುವುದನ್ನೇ ಕೊಡಿ: ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ, ಹೆಚ್ಚುವರಿ ತಾಸಿಗೆ ಎರಡು ಪಟ್ಟು. ಇಎಸ್‌ಐಗೆಂದು (ಕಾರ್ಮಿಕರ ರಾಜ್ಯ ವಿಮೆ) ಪಗಾರದಲ್ಲಿ ಮುರಿಯುವ ಶೇ 0.75ರ ಜೊತೆಗೆ ಗುತ್ತಿಗೆದಾರನ ಶೇ 3.25 ಜಮೆಯಾಗಿದೆಯೇ ಎಂದು ಬಿಲ್ ಪಾಸು ಮಾಡುವ ಮೊದಲು ಚಲನ್ ನೋಡಿ. ಚಲನ್ ಇಲ್ಲದಿದ್ದರೆ ಬಿಲ್ ತಡೆಹಿಡಿಯಿರಿ, ಪಗಾರ ತಡೆಹಿಡಿಯಬೇಡಿ. ಈ ಎರಡರ ನಡುವೆ ಗೊಂದಲ ಮಾಡಿಕೊಳ್ಳುವುದು ಕಚೇರಿಗಳಿಗೆ ರೂಢಿ.

ಮತ್ತೆ, ಜಿಲ್ಲಾಡಳಿತದ ಆ ಆದೇಶದಲ್ಲಿ ಅಡುಗೆಮನೆಗೂ ಜಾಗ ಕೊಡಿ. ಬೆಂಗಾವಲಿನವರೂ ಸೇರಿ ತಟ್ಟೆಗಳ ಲೆಕ್ಕ ಹಿಂದಿನ ದಿನ ಸಂಜೆಯೊಳಗೆ ಬರವಣಿಗೆಯಲ್ಲಿ ಬರಲಿ, ವೇಳೆ ಬದಲಾದರೆ ಫೋನ್ ಮಾಡುವ ಒಬ್ಬ ಅಧಿಕಾರಿಯ ಹೆಸರಿರಲಿ. ಎಂಟು ತಾಸಿಗೆ ಪಾಳಿ ಬದಲಾಗಲಿ; ಎರಡೂ ಪಾಳಿಯವರಿಗೆ ಒಟ್ಟಿಗೇ ಪಾಸು ಮಾಡಿಸಿದರೆ ಭದ್ರತೆಯವರಿಗೂ ತೊಂದರೆಯಿಲ್ಲ. ದಿನಸಿಯ ಹಣ ಮುಂಗಡವಾಗಿ ಬರಲಿ, ಇಲ್ಲವೇ ಅಂಗಡಿಯ ಬಿಲ್ಲು ಇಲಾಖೆಯ ಹೆಸರಿಗೆ ಹೋಗಲಿ. ಮುಂದಿನ ಘಟಿಕೋತ್ಸವದ ಆದೇಶ ಹೊರಡುವ ಮೊದಲೇ ಇಷ್ಟು ಆಗಬೇಕು.

ಇಂತಿ,
ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಸರ್ಕಾರಿ ಅತಿಥಿಗೃಹಗಳ ಅಡುಗೆಯವರು, ಮೇಟಿಗಳು ಮತ್ತು ಸ್ವಚ್ಛತಾ ಕೆಲಸದವರು